ಇರುವುದನ್ನು ಬರೆಯಿರಿ, ಬೇಕಾದದ್ದನ್ನೂ ಬರೆಯಿರಿ

1975ರ ಮಾರ್ಚ್ 5, ಬುಧವಾರ. ಹೊರಗೆ ಸಣ್ಣಗೆ ಮಳೆ. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿ ಗಾರ್ಡನ್ ಫ್ರೆಂಚ್ ಎಂಬುವರ ಮನೆಯ ಗ್ಯಾರೇಜಿಗೆ ಒಬ್ಬೊಬ್ಬರಾಗಿ ಮೂವತ್ತೆರಡು ಜನ ಬಂದು ಸೇರಿದರು. ಸ್ವಂತಕ್ಕೆಂದು ಕಂಪ್ಯೂಟರ್ ಕಟ್ಟುತ್ತಿದ್ದೀರಾ, ಹಾಗಿದ್ದರೆ ಬನ್ನಿ, ನಿಮ್ಮಂಥವರ ಜೊತೆ ಕೂತು ಮಾತಾಡೋಣ ಎಂಬ ಕರೆಯೋಲೆ ಕೈಯಿಂದ ಕೈಗೆ ದಾಟಿ, ಗೋಡೆಗೆ ಅಂಟಿ, ಅವರನ್ನೆಲ್ಲ ಅಲ್ಲಿಗೆ ಎಳೆದು ತಂದಿತ್ತು. ಸಿಮೆಂಟಿನ ನೆಲ. ನಡುವೆ ಆಲ್ಟೇರ್ 8800 ಎಂಬ ಒಂದು ಕಂಪ್ಯೂಟರ್. ಆ ಸಂಜೆ ಹುಟ್ಟಿದ ಕೂಟಕ್ಕೆ ಮುಂದೆ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಎಂದು ಹೆಸರಾಯಿತು. ಮನೆಯಲ್ಲೇ ಮಾಡಿಕೊಂಡದ್ದು ಎಂಬುದು ಅದರ ಅರ್ಥ.

ನಮ್ಮ ಕನ್ನಡ ಕೂಟದ ಈ ಸಂಚಿಕೆಗೆ ಬೇ ಏರಿಯಾದ ಹಳೆಯ ಕೂಟವೊಂದರ ಬಗ್ಗೆ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನನಗೆ ಬೇರೆ ಯಾವುದೂ ನೆನಪಾಗಲಿಲ್ಲ. ನಮ್ಮಲ್ಲಿ ಬಹುಪಾಲು ಮಂದಿಯನ್ನು ಈ ಊರಿಗೆ ಕರೆತಂದ ಕಸುಬಿನ ಬೇರು ಆ ಗ್ಯಾರೇಜಿನಲ್ಲಿದೆ. ಆದರೆ ಹೋಮ್‌ಬ್ರೂ ಎಂದೊಡನೆ ಎಲ್ಲರೂ ಆಪಲ್ ಕಥೆಗೆ ಹಾರುತ್ತಾರೆ. ಉಳಿದವರು ಆ ಕಥೆಯ ಅಂಚಿನಲ್ಲಿ ನಿಂತುಬಿಡುತ್ತಾರೆ. ನಾನು ಅವರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಆಲ್ಟೇರ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಆಲ್ಬುಕರ್ಕಿಯ ಮಿಟ್ಸ್ ಕಂಪನಿ ತಯಾರಿಸಿದ ಈ ಯಂತ್ರ 1975ರ ಜನವರಿಯ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಪತ್ರಿಕೆಯ ಮುಖಪುಟದಲ್ಲಿ ಬಂದಿತ್ತು. ಕಿಟ್ ಆಗಿ ತರಿಸಿಕೊಂಡು, ಬಿಡಿಭಾಗಗಳನ್ನು ನಾವೇ ಸೋಲ್ಡರ್ ಮಾಡಿ ಜೋಡಿಸಿಕೊಳ್ಳಬೇಕು. ನಾನೂರು ಡಾಲರಿಗೂ ಒಳಗಿನ ಬೆಲೆ. ಒಳಗೆ ಇಂಟೆಲ್ 8080 ಚಿಪ್, 256 ಬೈಟ್ ಮೆಮೊರಿ. ಇವತ್ತು ನಾವು ಯೂನಿಕೋಡಿನಲ್ಲಿ ಟೈಪ್ ಮಾಡುವ ಕನ್ನಡದ ಎರಡು ಸಾಲು ಅದರಲ್ಲಿ ಹಿಡಿಸುವುದು ಕಷ್ಟ. ಕೀಬೋರ್ಡ್ ಇಲ್ಲ, ಪರದೆ ಇಲ್ಲ. ಮುಂದುಗಡೆ ಸಾಲಾಗಿ ಸ್ವಿಚ್ಚುಗಳು, ಮೇಲೆ ಕೆಂಪು ದೀಪಗಳು. ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡುತ್ತ ಒಂದೊಂದೇ ಬೈಟನ್ನು ಒಳಗೆ ಕಳಿಸಬೇಕು.

ಇಂಥದ್ದರಿಂದ ಏನು ಮಾಡಲು ಸಾಧ್ಯ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ಏಪ್ರಿಲಿನಲ್ಲಿ, ಮೆನ್ಲೋ ಪಾರ್ಕಿನ ಪೆನಿನ್ಸುಲಾ ಸ್ಕೂಲಿನಲ್ಲಿ ನಡೆದ ಸಭೆಯಲ್ಲಿ. ಸ್ಟೀವ್ ಡಾಂಪಿಯರ್ ಎಂಬ ಸದಸ್ಯರು ತಮ್ಮ ಆಲ್ಟೇರ್ ಹೊತ್ತು ತಂದರು. ಆರ್ಡರ್ ಮಾಡಿದ ಕಿಟ್ ಬರುತ್ತದೋ ಇಲ್ಲವೋ ಎಂದು ಆಲ್ಬುಕರ್ಕಿಗೇ ಹೋಗಿ ನೋಡಿಕೊಂಡು ಬಂದಿದ್ದ ಮನುಷ್ಯ ಅವರು. ನೆಲದ ಮೇಲೆ ಯಂತ್ರವಿಟ್ಟು ಸ್ವಿಚ್ಚುಗಳನ್ನು ಒತ್ತುತ್ತ ಕೂತರು. ಅಷ್ಟರಲ್ಲಿ ಯಾರದೋ ಕಾಲು ವೈರಿಗೆ ತಾಗಿ ಕರೆಂಟು ಹೋಯಿತು, ಮಾಡಿದ್ದೆಲ್ಲ ಅಳಿಸಿಹೋಯಿತು. ಮತ್ತೆ ಮೊದಲಿಂದ ಶುರು ಮಾಡಿದರು. ಮುಗಿಸಿ, ಪಕ್ಕದಲ್ಲಿ ಒಂದು ಸಾದಾ ಟ್ರಾನ್ಸಿಸ್ಟರ್ ರೇಡಿಯೊ ಇಟ್ಟರು. ಎಲ್ಲಿಗೂ ಜೋಡಿಸದ ಆ ರೇಡಿಯೊದಿಂದ ಬೀಟಲ್ಸ್ ಹಾಡೊಂದರ ಧಾಟಿ ಹೊರಟಿತು. ಮುಗಿದ ಮೇಲೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ನಮ್ಮ ಅಪ್ಪ ಇಲ್ಲಿಗೆ ಬಂದಿದ್ದಾಗ ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದೆ. ತಿಪಟೂರಿನಲ್ಲಿ ಅಪ್ಪನದು ರೇಡಿಯೊ ರಿಪೇರಿ ಅಂಗಡಿ. ಸಂತೆಯ ದಿನ ಸುತ್ತಲ ಹಳ್ಳಿಯವರು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದ ರೇಡಿಯೊಗಳ ಬೆನ್ನು ಬಿಚ್ಚಿ, ಬಾಯಲ್ಲಿ ಉಫ್ ಎಂದು ಧೂಳು ಊದುತ್ತ ಕೂತಿರುತ್ತಿದ್ದರು. ಗಾಜಿನೊಳಗಿನ ಆಲ್ಟೇರ್ ತೋರಿಸಿ ಡಾಂಪಿಯರ್ ಕಥೆ ಹೇಳಿದೆ. ಅಪ್ಪನಿಗೆ ನಾನು ಕಾರಣ ವಿವರಿಸಬೇಕಾಗಲಿಲ್ಲ. "ಪಕ್ಕದಲ್ಲಿ ಮಿಕ್ಸಿ ಹಾಕಿದ್ರೆ ರೇಡಿಯೊ ಗೊರಗೊರ ಅನ್ನಲ್ವೇನೋ? ಆ ಗೊರಗೊರವನ್ನೇ ಸ್ವರಕ್ಕೆ ಕೂರಿಸಿದಾನೆ ಪುಣ್ಯಾತ್ಮ" ಎಂದರು. ಅದು ಅಷ್ಟೇ. ಆ ಯಂತ್ರ ಹೊರಸೂಸುವ ವಿದ್ಯುತ್ ಗದ್ದಲವನ್ನು ರೇಡಿಯೊ ಹಿಡಿಯುತ್ತಿತ್ತು. ಗದ್ದಲದ ಏರಿಳಿತವನ್ನು ಲೆಕ್ಕ ಹಾಕಿ ಡಾಂಪಿಯರ್ ರಾಗ ಕಟ್ಟಿದ್ದರು. ನನಗೆ ಇಂಜಿನಿಯರಿಂಗ್ ಓದಿದ ಮೇಲೆ ತಿಳಿದದ್ದು ಅಪ್ಪನಿಗೆ ಕಿವಿಯಲ್ಲೇ ಇತ್ತು.

ಇನ್ನು ಗಾರ್ಡನ್ ಫ್ರೆಂಚ್ ಜೊತೆ ಸೇರಿ ಈ ಕೂಟ ಕಟ್ಟಿದ ಫ್ರೆಡ್ ಮೂರ್. ಇಂಜಿನಿಯರ್ ಅಲ್ಲ, ವ್ಯಾಪಾರಿಯಲ್ಲ. ವಾಯುಪಡೆಯ ಕರ್ನಲ್ ಒಬ್ಬರ ಮಗ. 1959ರಲ್ಲಿ, ಆಗಷ್ಟೇ ಹದಿನೆಂಟು ತುಂಬಿದ್ದ ಹುಡುಗ, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಸೈನಿಕ ತರಬೇತಿ ಕಡ್ಡಾಯವಾಗಿದ್ದುದನ್ನು ವಿರೋಧಿಸಿ ಸ್ಪ್ರೌಲ್ ಹಾಲಿನ ಮೆಟ್ಟಿಲ ಮೇಲೆ ಒಬ್ಬನೇ ಉಪವಾಸ ಕೂತಿದ್ದ. ಗಾಂಧಿಯ ದಾರಿ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದೇ. ಮುಂದೆ ಸೇನೆಯ ಕರೆಯನ್ನು ನಿರಾಕರಿಸಿ ಜೈಲಿಗೂ ಹೋಗಿಬಂದರು. ದುಡ್ಡಿನ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಒಬ್ಬರ ಕೈಲಿರುವ ತಿಳಿವಳಿಕೆ ಮತ್ತೊಬ್ಬರ ಕೈಗೆ ದಾಟುತ್ತಿದ್ದರೆ ಅದೇ ದೊಡ್ಡ ಬಂಡವಾಳ ಎಂದು ತಿಳಿದವರು. ಯಾರಿಗೆ ಏನು ಗೊತ್ತು, ಯಾರಿಗೆ ಏನು ಬೇಕು ಎಂದು ಕಾರ್ಡುಗಳಲ್ಲಿ ಬರೆದಿಟ್ಟುಕೊಂಡು ಜನರನ್ನು ಜೋಡಿಸುವುದು ಅವರ ಕೆಲಸವಾಗಿತ್ತು. ಕಂಪ್ಯೂಟರಿನ ಮೇಲೆ ಅವರಿಗೆ ಕಣ್ಣು ಬಿದ್ದದ್ದೂ ಈ ಕಾರ್ಡುಗಳ ಸಲುವಾಗಿ.

ಗ್ಯಾರೇಜಿನ ಸಭೆಯಲ್ಲೂ ಮೂರ್ ಅದನ್ನೇ ಮಾಡಿದರು. ಬಂದವರ ಹೆಸರು, ಅವರ ಬಳಿ ಏನಿದೆ, ಯಾವುದರಲ್ಲಿ ಆಸಕ್ತಿ ಎಂದು ಬರೆಸಿಕೊಂಡರು. ಟೈಪ್ ಮಾಡಿ ಸುದ್ದಿಪತ್ರವಾಗಿ ಎಲ್ಲರಿಗೂ ಅಂಚೆಯಲ್ಲಿ ಕಳಿಸಿದರು. ಆ ಶುರುವಿನ ಪಟ್ಟಿಗಳಲ್ಲಿ ಹ್ಯೂಲೆಟ್ ಪ್ಯಾಕರ್ಡಿನಲ್ಲಿ ಕ್ಯಾಲ್ಕ್ಯುಲೇಟರ್ ಮಾಡುತ್ತಿದ್ದ ಇಪ್ಪತ್ತನಾಲ್ಕರ ಸ್ಟೀವ್ ವಾಜ್ನಿಯಾಕ್ ಹೆಸರೂ ಇದೆ. ತಾನು ಮಾಡಿದ ವಿಡಿಯೊ ಆಟ, ಟಿವಿ ಪರದೆಗೆ ಕಟ್ಟುತ್ತಿರುವ ಚದುರಂಗದ ಮಣೆ, ಡಿಜಿಟಲ್ ವಿನ್ಯಾಸ ಬಲ್ಲೆ, ಸಮಯ ಕಡಿಮೆ, ಸರ್ಕ್ಯೂಟಿನ ನಕ್ಷೆಗಳು ಇವೆ ಎಂದು ಬರೆಸಿದ್ದಾರೆ. ಬೇಕಾದವರಿಗೆ ಕೊಡುತ್ತೇನೆ ಎಂಬುದು ಆ ಕೊನೆಯ ಮಾತಿನಲ್ಲೇ ಅಡಗಿದೆ. ಮುಂದೆ ತಾವೇ ಕಟ್ಟಿದ ಕಂಪ್ಯೂಟರಿನ ನಕ್ಷೆಗಳನ್ನೂ ಅವರು ಕ್ಲಬ್ಬಿನಲ್ಲಿ ಜೆರಾಕ್ಸ್ ಮಾಡಿ ಹಂಚಿದರು. ಅದು ಆಪಲ್ 1 ಆದದ್ದು, 1976ರಲ್ಲಿ ಬೈಟ್ ಶಾಪ್ ಎಂಬ ಕಂಪ್ಯೂಟರ್ ಅಂಗಡಿಯ ಪಾಲ್ ಟೆರೆಲ್ ಐವತ್ತು ಬೋರ್ಡು ಕೊಂಡದ್ದು, 666.66 ಡಾಲರಿಗೆ ಮಾರಾಟವಾದದ್ದು, ಇವೆಲ್ಲ ಈಗ ಮಕ್ಕಳಿಗೂ ಗೊತ್ತಿರುವ ವಿಷಯ.

ಮೊದಲ ಸಭೆ ಮುಗಿಯುವ ಹೊತ್ತಿಗೆ ಬಿಡಿಭಾಗಗಳ ವ್ಯಾಪಾರಿ ಮಾರ್ಟಿ ಸ್ಪರ್ಗೆಲ್ ಒಂದು 8008 ಚಿಪ್ಪನ್ನು ಮೇಲೆತ್ತಿ ಹಿಡಿದು, ಇದು ಯಾರಿಗೆ ಬೇಕು ಎಂದು ಕೇಳಿ ಕೊಟ್ಟೇಬಿಟ್ಟರಂತೆ. ನನಗೆ ಕ್ಲಬ್ಬಿನ ಇಡೀ ಸ್ವಭಾವ ಆ ಎತ್ತಿದ ಕೈಯಲ್ಲಿ ಕಾಣುತ್ತದೆ.

ಜನ ಹೆಚ್ಚಾದಂತೆ ಸಭೆ ಸ್ಟ್ಯಾನ್‌ಫರ್ಡಿನ ಲೀನಿಯರ್ ಆಕ್ಸಿಲರೇಟರ್ ಕೇಂದ್ರದ ಆಡಿಟೋರಿಯಮ್ಮಿಗೆ ಹೋಯಿತು. ಅಲ್ಲಿ ಸಭೆ ನಡೆಸುತ್ತಿದ್ದವರು ಲೀ ಫೆಲ್ಸೆನ್‌ಸ್ಟೈನ್. ಕೈಯಲ್ಲೊಂದು ಉದ್ದನೆಯ ಕೋಲು. ಮೊದಲ ಭಾಗದಲ್ಲಿ ಒಬ್ಬೊಬ್ಬರೂ ಎದ್ದು ತಾನು ಏನು ಮಾಡುತ್ತಿದ್ದೇನೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಎಂದು ಹೇಳಬೇಕು. ಲೀ ಕೋಲು ತೋರಿದವರಿಗೆ ಮಾತು. ಅದು ಮುಗಿದದ್ದೇ ಸಭೆ ಚೆದುರಿ, ಯಾರಿಗೆ ಯಾರು ಬೇಕೋ ಅವರನ್ನು ಹುಡುಕಿಕೊಂಡು ಗುಂಪುಗುಂಪಾಗಿ ನಿಲ್ಲುವುದು. ಸಭೆ ನಡೆಸುವ ಯಾರಾದರೂ ಇದನ್ನು ಕಲಿಯಬೇಕು. ಭಾಷಣಕ್ಕಿಂತ ಆಮೇಲಿನ ಗುಂಪಿನಲ್ಲೇ ಕೆಲಸ ಆಗುವುದೆಂದು ತಿಳಿದು ಅದಕ್ಕೆ ವೇಳೆ ಮೀಸಲಿಟ್ಟ ಬುದ್ಧಿವಂತಿಕೆ ಅದು. ಅಲ್ಲಿಂದ ಒಂದಷ್ಟು ಜನ ಮೆನ್ಲೋ ಪಾರ್ಕಿನ ಓಯಸಿಸ್ ಎಂಬ ಬಿಯರ್ ಅಂಗಡಿಗೆ ಹೋಗಿ, ಹೆಸರು ಕೆತ್ತಿದ ಮರದ ಮೇಜುಗಳ ಸುತ್ತ ಮಾತು ಮುಂದುವರಿಸುತ್ತಿದ್ದರು. ಆ ಅಂಗಡಿ 2018ರಲ್ಲಿ ಮುಚ್ಚಿತು.

ಲೀ ಬರ್ಕ್ಲಿಯ ವಿದ್ಯಾರ್ಥಿ ಚಳವಳಿಯಲ್ಲಿ ಬಂಧನಕ್ಕೊಳಗಾದವರು. 1973ರಲ್ಲೇ ಬರ್ಕ್ಲಿಯ ಒಂದು ಗ್ರಾಮಫೋನ್ ರೆಕಾರ್ಡಿನ ಅಂಗಡಿಯಲ್ಲಿ ಟೆಲಿಟೈಪ್ ಯಂತ್ರವಿಟ್ಟು, ದಾರಿಹೋಕರು ಯಾರು ಬೇಕಾದರೂ ಬಂದು ಸಂದೇಶ ಬರೆಯುವ, ಓದುವ ವ್ಯವಸ್ಥೆಯನ್ನು ಗೆಳೆಯರೊಡನೆ ಕಟ್ಟಿದ್ದರು. ಕಮ್ಯುನಿಟಿ ಮೆಮೊರಿ ಎಂದು ಅದರ ಹೆಸರು. ಬಾಬ್ ಮಾರ್ಷ್ ಜೊತೆ ಬರ್ಕ್ಲಿಯ ಗ್ಯಾರೇಜೊಂದನ್ನು ಹಂಚಿಕೊಂಡು ಸೋಲ್-20 ಕಂಪ್ಯೂಟರ್ ಮಾಡಿದರು. ಅಕ್ರೋಟಿನ ಮರದ ಪಕ್ಕೆಗಳಿದ್ದ, ನೋಡಲು ತುಂಬ ಚೆಂದದ ಯಂತ್ರ. ಅದನ್ನು ತಯಾರಿಸಿದ ಕಂಪನಿ 1979ರಲ್ಲಿ ಬಾಗಿಲು ಹಾಕಿತು. ಕ್ಲಬ್ಬಿನಿಂದ ಹುಟ್ಟಿದ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳಲ್ಲಿ ಹೆಚ್ಚಿನವುಗಳ ಆಯುಷ್ಯ ಅಷ್ಟೇ.

ಹಂಚಿಕೊಳ್ಳುವ ಈ ಅಭ್ಯಾಸ ಒಂದು ಜಗಳಕ್ಕೂ ಕಾರಣವಾಯಿತು. 1975ರ ಜೂನಿನಲ್ಲಿ ಪಾಲೊ ಆಲ್ಟೊದ ಹೋಟೆಲೊಂದರಲ್ಲಿ ಆಲ್ಟೇರ್ ಪ್ರದರ್ಶನ ನಡೆದಾಗ, ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಬರೆದಿದ್ದ ಬೇಸಿಕ್ ಪ್ರೋಗ್ರಾಮಿನ ಪೇಪರ್ ಟೇಪ್ ಒಂದು ಯಾರದೋ ಕೈ ಸೇರಿತು. ಸದಸ್ಯ ಡ್ಯಾನ್ ಸೊಕೊಲ್ ಅದರ ಪ್ರತಿಗಳನ್ನು ತೆಗೆದು ಮುಂದಿನ ಸಭೆಗೆ ತಂದರು. ಒಂದು ಒಯ್ದವರು ಎರಡು ತಂದುಕೊಡಬೇಕು ಎಂಬುದೇ ಕರಾರು. 1976ರ ಫೆಬ್ರವರಿ 3ರಂದು ಇಪ್ಪತ್ತರ ಹರೆಯದ ಗೇಟ್ಸ್ ಹವ್ಯಾಸಿಗಳಿಗೆಂದು ಬಹಿರಂಗ ಪತ್ರ ಬರೆದು, ಇದು ಕಳವು, ಹೀಗಾದರೆ ಒಳ್ಳೆಯ ಪ್ರೋಗ್ರಾಮು ಬರೆಯುವವರು ಯಾರು ಎಂದು ಕೇಳಿದರು. ತಿಂಗಳುಗಟ್ಟಲೆ ಕೂತು ಬರೆದವನ ನೋವು ಸುಳ್ಳಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೆ ಬೈದು ಸುಮ್ಮನಾಗದೆ, ಪಾಲೊ ಆಲ್ಟೊದ ಲಿ-ಚೆನ್ ವಾಂಗ್‌ ಅವರಂಥವರು ತಾವೇ ಟೈನಿ ಬೇಸಿಕ್‌ಗಳನ್ನು ಬರೆದು ಮುಕ್ತವಾಗಿ ಹಂಚಿದ್ದನ್ನೂ ನೆನೆಯಬೇಕು. ಟಾಮ್ ಪಿಟ್‌ಮನ್ ತಮ್ಮದಕ್ಕೆ ಐದು ಡಾಲರ್ ಇಟ್ಟರು. ಜನ ಕೊಟ್ಟು ಕೊಂಡರು.

ಜೆರ್ರಿ ಲಾಸನ್ ಹೆಸರನ್ನು ನಮ್ಮ ಮಕ್ಕಳು ತಿಳಿದಿರಬೇಕು. ಕ್ಲಬ್ಬಿಗೆ ಬರುತ್ತಿದ್ದ ಬೆರಳೆಣಿಕೆಯ ಕಪ್ಪು ಜನಾಂಗದವರಲ್ಲಿ ಒಬ್ಬರು. ನ್ಯೂಯಾರ್ಕಿನಲ್ಲಿ ಬಾಲ್ಯದಲ್ಲೇ ರೇಡಿಯೊ ಹವ್ಯಾಸಿಯಾಗಿದ್ದವರು. ಫೇರ್‌ಚೈಲ್ಡ್ ಕಂಪನಿಯಲ್ಲಿ ಅವರ ಮುಂದಾಳತ್ವದಲ್ಲಿ ತಯಾರಾಗಿ 1976ರಲ್ಲಿ ಮಾರುಕಟ್ಟೆಗೆ ಬಂದ ಚಾನಲ್ ಎಫ್ ಎಂಬ ವಿಡಿಯೊ ಆಟದ ಯಂತ್ರದಲ್ಲಿ ಕಾರ್ಟ್ರಿಜ್ ಬದಲಿಸಿ ಬೇರೆ ಬೇರೆ ಆಟ ಆಡಬಹುದಿತ್ತು. ಅದಕ್ಕೂ ಮುಂಚೆ ಯಂತ್ರದೊಳಗೆ ಇದ್ದಷ್ಟೇ ಆಟ. ಆಟದ ಉದ್ಯಮದವರು ಅವರನ್ನು ಕರೆದು ಗೌರವಿಸಿದ್ದು 2011ರ ಮಾರ್ಚಿನಲ್ಲಿ. ಏಪ್ರಿಲಿನಲ್ಲಿ ಅವರು ತೀರಿಕೊಂಡರು.

ಮ್ಯೂಸಿಯಮ್ಮಿನಲ್ಲಿ ಅಪ್ಪ ಅತಿ ಹೆಚ್ಚು ಹೊತ್ತು ನಿಂತದ್ದು ಆಸ್ಬರ್ನ್ 1ರ ಮುಂದೆ. ಹೊಲಿಗೆ ಯಂತ್ರದ ಪೆಟ್ಟಿಗೆಯಂತಿರುವ ಆ ಕಂಪ್ಯೂಟರನ್ನು ವಿನ್ಯಾಸ ಮಾಡಿದವರು ಇದೇ ಲೀ, ಮಾಡಿಸಿದವರು ಆಡಮ್ ಆಸ್ಬರ್ನ್. ಸುಮಾರು ಹನ್ನೊಂದು ಕಿಲೊ ತೂಕ, ಐದಿಂಚಿನ ಪರದೆ, 1795 ಡಾಲರ್. 1981ರಲ್ಲಿ ಅದು ಬಂದಾಗ ಕೈಯಲ್ಲಿ ಎತ್ತಿಕೊಂಡು ಹೋಗಬಲ್ಲ ಕಂಪ್ಯೂಟರ್ ಎಂದು ಜನ ಮುಗಿಬಿದ್ದರು. ಆಸ್ಬರ್ನ್ ಅದಕ್ಕೂ ಮುಂಚೆ ಹೋಮ್‌ಬ್ರೂ ಸಭೆಗಳಿಗೆ ತಾವೇ ಬರೆದ ಮೈಕ್ರೊಕಂಪ್ಯೂಟರ್ ಪುಸ್ತಕಗಳನ್ನು ತಂದು ಮಾರುತ್ತಿದ್ದ ಮನುಷ್ಯ.

"ಅಪ್ಪಾ, ಇವರು ಚಿಕ್ಕವರಿದ್ದಾಗ ತಿರುವಣ್ಣಾಮಲೈಲಿ ಬೆಳೆದೋರು" ಎಂದೆ. ಅಪ್ಪ ಥಟ್ಟನೆ ತಿರುಗಿ ನೋಡಿದರು. ರಮಣ ಮಹರ್ಷಿಗಳ ಜೀವನ ಚರಿತ್ರೆ ಬರೆದ ಆರ್ಥರ್ ಆಸ್ಬರ್ನ್ ಅವರ ಮಗ ಆಡಮ್. ಬ್ಯಾಂಕಾಕಿನಲ್ಲಿ ಹುಟ್ಟಿ, ಎರಡನೇ ಮಹಾಯುದ್ಧದಲ್ಲಿ ತಂದೆ ಜಪಾನೀಯರ ಸೆರೆಯಲ್ಲಿದ್ದಾಗ ತಾಯಿ, ಒಡಹುಟ್ಟಿದವರ ಜೊತೆ ಅರುಣಾಚಲ ಬೆಟ್ಟದ ಬುಡದಲ್ಲಿ ಆಡಿ ಬೆಳೆದ ಮಗು. ಅವರ ಕಂಪನಿ ಎಷ್ಟು ಬೇಗ ಏರಿತೋ ಅಷ್ಟೇ ಬೇಗ ಬಿತ್ತು, 1983ರ ಸೆಪ್ಟೆಂಬರಿನಲ್ಲಿ ದಿವಾಳಿಯಾಯಿತು. ಮುಂದೆ ಆರೋಗ್ಯ ಕೆಟ್ಟು 1992ರಲ್ಲಿ ಭಾರತಕ್ಕೆ ಮರಳಿ, ಕೊಡೈಕನಾಲಿನಲ್ಲಿ ಸೋದರಿಯ ಬಳಿ ಇದ್ದರು. 2003ರ ಮಾರ್ಚ್ 18ರಂದು ಅಲ್ಲೇ ತೀರಿಕೊಂಡರು. ಅಪ್ಪ ವರ್ಷಕ್ಕೊಮ್ಮೆ ರಮಣಾಶ್ರಮಕ್ಕೆ ಹೋಗಿ ಬರುತ್ತಿದ್ದವರು. ಗಾಜಿನ ಮುಂದೆ ಕೈಕಟ್ಟಿ ನಿಂತೇ ಇದ್ದರು.

ಕ್ಲಬ್ಬು 1986ರ ಡಿಸೆಂಬರಿನವರೆಗೆ ನಡೆಯಿತು. ಫ್ರೆಡ್ ಮೂರ್ ಮಾತ್ರ ಸುಮಾರು ಒಂದೇ ವರ್ಷದಲ್ಲಿ ದೂರವಾಗಿಬಿಟ್ಟಿದ್ದರು. ಮತ್ತೆ ಶಾಂತಿ ಚಳವಳಿಯ ಕೆಲಸಕ್ಕೆ ಹೋದರು. 1997ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು.

ಮನೆಗೆ ಬರುವ ದಾರಿಯಲ್ಲಿ ಕಾರಿನಲ್ಲಿ ಅಪ್ಪನಿಗೆ ಮೂರ್ ಮಾಡಿಸುತ್ತಿದ್ದ ಪಟ್ಟಿಯ ಬಗ್ಗೆ ಹೇಳಿದೆ. ಹೆಸರು, ಇರುವುದು, ಬೇಕಾದದ್ದು. ಅಪ್ಪ ಕಿಟಕಿಯ ಆಚೆ ನೋಡುತ್ತಿದ್ದರು. ಒಂದೆರಡು ಮೈಲಿ ಆದ ಮೇಲೆ, "ನನ್ನನ್ನ ಕೇಳಿದ್ರೆ, ವಾಲ್ವು, ಟ್ರಾನ್ಸಿಸ್ಟರು ಎರಡೂ ಗೊತ್ತು ಅಂತ ಬರೀತಿದ್ದೆ" ಎಂದರು. ನಾನು, ಬೇಕಾದದ್ದು ಅನ್ನೋ ಕಡೆ ಏನು ಬರೀತಿದ್ರಿ ಎಂದು ಕೇಳಿದೆ.

"ಆಸಿಲೋಸ್ಕೋಪು. ಮೂವತ್ತು ವರ್ಷ ಬೆರಳಲ್ಲಿ ಮುಟ್ಟಿ, ಕಿವೀಲಿ ಕೇಳಿ ರಿಪೇರಿ ಮಾಡಿದೆ. ಒಂದಿದ್ದಿದ್ರೆ ಒಂದ್ಸಲ ಕಣ್ಣಲ್ಲಿ ನೋಡಬಹುದಾಗಿತ್ತು" ಎಂದರು ಅಪ್ಪ.