ರಾಮಕುಂಜದ ಹಿರಿಯರ ಕಿವಿ ಮತ್ತು ಸರ್ಕಾರಿ ವಿಮೆ: ಒಂದು ಚರಿತ್ರೆ

ವಯಸ್ಸಾದಂತೆ ಬರುವ ಕಿವಿಮಂದಕ್ಕೆ ಆಸ್ಪತ್ರೆಯ ಹಾಸಿಗೆ ಬೇಡ, ಶಸ್ತ್ರಚಿಕಿತ್ಸೆಯೂ ಬೇಡ. ಸದ್ದಿಲ್ಲದ ಕೋಣೆಯಲ್ಲಿ ಒಂದು ಪರೀಕ್ಷೆ, ಅದರ ಫಲಿತಾಂಶಕ್ಕೆ ಹೊಂದಿಸಿದ ಶ್ರವಣ ಸಾಧನ, ಬಳಿಕ ಅದನ್ನು ಸರಿಪಡಿಸಿಕೊಳ್ಳಲು ನಾಲ್ಕಾರು ಭೇಟಿ, ಇಷ್ಟು ಸಾಕು. ಕರ್ನಾಟಕದ ಸಾರ್ವಜನಿಕ ಆರೋಗ್ಯ ವಿಮೆಗಳು ಮಾತ್ರ ಮೊದಲಿನಿಂದಲೂ ಹಾಸಿಗೆಯನ್ನೂ ಶಸ್ತ್ರಚಿಕಿತ್ಸೆಯನ್ನೂ ಲೆಕ್ಕ ಹಿಡಿದೇ ಬೆಳೆದವು. ಆದ್ದರಿಂದ ರಾಮಕುಂಜದಂಥ ಊರಿನ ಹಿರಿಯರ ಕಿವಿಗೆ ಸರ್ಕಾರದ ಹಣ ತಲುಪಿದ್ದು ವಿಮೆಯ ಮೂಲಕವಲ್ಲ, ವಿಕಲಚೇತನರ ಹಾಗೂ ಹಿರಿಯರ ಕಲ್ಯಾಣದ ಯೋಜನೆಗಳ ಮೂಲಕ. ಅದೂ ಬಹಳ ತಡವಾಗಿ.

ಹಿಂದೆ ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿರುವ ರಾಮಕುಂಜ ಅಡಿಕೆ ತೋಟಗಳ ಊರು. ಪೇಟೆಗೆ ಉಪ್ಪಿನಂಗಡಿ, ದೊಡ್ಡ ಆಸ್ಪತ್ರೆಗೆ 60 ಕಿಲೋಮೀಟರಿಗೂ ದೂರದ ಮಂಗಳೂರು. ಜಿಲ್ಲೆ 1956ರವರೆಗೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. 1848ರಲ್ಲಿ ಆರಂಭವಾದ ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್ ಎಂಬ ಹೆಸರನ್ನು ಪಡೆದದ್ದು ಮದರಾಸಿನ ಗವರ್ನರನಿಂದಲೇ. 1953ರಲ್ಲಿ ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟಿದ ಮೇಲೆ ಅಲ್ಲಿಯ ವಿದ್ಯಾರ್ಥಿಗಳ ಕಲಿಕೆಗೂ ವೆನ್ಲಾಕ್ ಆಸರೆಯಾಯಿತು. ಕಿವಿ ಸೋರುವುದಕ್ಕೆ, ಕೀವಿಗೆ ಅಲ್ಲಿ ಮದ್ದಿತ್ತು. ಕೇಳಿಸದಿರುವುದಕ್ಕೆ ಮದ್ದು ಎಂಬ ಕಲ್ಪನೆ ಇನ್ನೂ ಬಂದಿರಲಿಲ್ಲ.

ಆ ಕಲ್ಪನೆಗೆ ಕರ್ನಾಟಕದಲ್ಲಿ ನೆಲೆ ಸಿಕ್ಕಿದ್ದು 1965ರಲ್ಲಿ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾದಾಗ. ಶ್ರವಣತಜ್ಞರೆಂಬ ಹೊಸ ವೃತ್ತಿಯವರು ಇಲ್ಲಿಂದ ತಯಾರಾದರು. ಕನ್ನಡದ ಅಸಂಗತ ನಾಟಕಗಳ ಓದುಗರಿಗೆ ಪರಿಚಿತರಾದ ನ. ರತ್ನ ಇದೇ ಸಂಸ್ಥೆಯ ನಿರ್ದೇಶಕರಾಗಿದ್ದರು. ಮಾತು ತಲುಪದ ಪಾತ್ರಗಳನ್ನು ಬರೆದವರು ಮಾತು ತಲುಪಿಸುವ ಸಂಸ್ಥೆಯನ್ನು ನಡೆಸಿದ್ದು ಸ್ವಾರಸ್ಯಕರ. ಮುಂದಿನ ದಶಕಗಳಲ್ಲಿ ಮಂಗಳೂರಿನಲ್ಲೇ ಎಂ.ವಿ. ಶೆಟ್ಟಿ ಕಾಲೇಜು, ಕಸ್ತೂರ್ಬಾ ಕಾಲೇಜು, ಫಾದರ್ ಮುಲ್ಲರ್ ಮೊದಲಾದ ಕಡೆ ಈ ವಿದ್ಯೆಯ ಕೋರ್ಸುಗಳು ಬಂದವು. ಹೀಗಾಗಿ ದಕ್ಷಿಣ ಕನ್ನಡದಲ್ಲಿ ತಜ್ಞರಿಗೆ ಅಷ್ಟೇನೂ ಬರವಿರಲಿಲ್ಲ. ಅವರ ಕೆಲಸಕ್ಕೆ ಹಣ ಕೊಡುವವರು ಯಾರು ಎಂಬುದಷ್ಟೇ ಇತ್ಯರ್ಥವಾಗದೆ ಉಳಿಯಿತು.

ಆ ಪ್ರಶ್ನೆಗೆ ಬೇರೆ ದೇಶಗಳು ಬೇರೆ ಬೇರೆ ಉತ್ತರ ಕೊಟ್ಟಿದ್ದವು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ 1948ರಲ್ಲಿ ಆರಂಭವಾದಾಗಲೇ ಮೆಡ್ರೆಸ್ಕೊ ಎಂಬ ಶ್ರವಣ ಸಾಧನವನ್ನು ಉಚಿತವಾಗಿ ಹಂಚಿತು. ಅಮೆರಿಕ ಹಿರಿಯರಿಗೆಂದೇ 1965ರಲ್ಲಿ ರೂಪಿಸಿದ ಮೆಡಿಕೇರ್ ಕಾಯ್ದೆ ಶ್ರವಣ ಸಾಧನವನ್ನು ಹೆಸರಿಸಿಯೇ ಹೊರಗಿಟ್ಟಿತು. ಭಾರತದಲ್ಲಿ ಕಾರ್ಮಿಕರ ರಾಜ್ಯ ವಿಮೆ ಮತ್ತು ಕೇಂದ್ರ ನೌಕರರ ಆರೋಗ್ಯ ಯೋಜನೆಗಳು ತಮ್ಮ ಸದಸ್ಯರಿಗೆ ಈ ಸಾಧನವನ್ನು ಒದಗಿಸಿದವು. ಆದರೆ ಅವು ಕಾರ್ಖಾನೆ ಮತ್ತು ಕಚೇರಿಯವರ ಸೌಲಭ್ಯಗಳು. ತೋಟದಲ್ಲಿ ದುಡಿದವರಿಗೂ ಮನೆಯ ಜಗಲಿಯಲ್ಲಿ ಬೀಡಿ ಕಟ್ಟಿದವರಿಗೂ ಅಲ್ಲಿ ಪ್ರವೇಶವಿರಲಿಲ್ಲ.

ಹಳ್ಳಿಯವರಿಗೆ ಮೊದಲು ತೆರೆದ ಬಾಗಿಲು 1981ರ ಅಡಿಪ್, ಅಂದರೆ ವಿಕಲಚೇತನರಿಗೆ ಸಾಧನ ಸಲಕರಣೆ ಕೊಳ್ಳಲು ನೆರವು ನೀಡುವ ಕೇಂದ್ರ ಯೋಜನೆ. ಅಂಗಿಯ ಜೇಬಿನಲ್ಲಿ ಪೆಟ್ಟಿಗೆ, ಅದರಿಂದ ಕಿವಿಗೆ ವಯರು: ಶಿಬಿರಗಳಲ್ಲಿ ಬಹುಕಾಲ ಸಿಗುತ್ತಿದ್ದ ಸಾಧನದ ರೂಪ ಇದು. ಈ ಬಾಗಿಲಿಗೆ ಒಂದು ಅಳತೆಗೋಲಿತ್ತು. 1995ರ ಅಂಗವಿಕಲರ ಕಾಯ್ದೆಯ ಪ್ರಕಾರ ಉತ್ತಮ ಕಿವಿಯಲ್ಲೂ 60 ಡೆಸಿಬಲ್ ನಷ್ಟವಾಗಿದ್ದರೆ ಮಾತ್ರ ಶ್ರವಣದೋಷ. 2016ರ ಕಾಯ್ದೆ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬಲ್ ನಷ್ಟವಾದವರನ್ನು ಕಿವಿಮಂದರೆಂದೂ 70 ಡೆಸಿಬಲ್ ನಷ್ಟವಾದವರನ್ನು ಕಿವುಡರೆಂದೂ ವಿಂಗಡಿಸಿತು. ಕೆಳಗಿನ ಗೆರೆ ಅಲುಗಲಿಲ್ಲ.

ಮುಪ್ಪಿನ ಕಿವಿ ಸಾಮಾನ್ಯವಾಗಿ ಈ ಗೆರೆಯ ಕೆಳಗೇ ಉಳಿಯುತ್ತದೆ. ಒಳಗಿವಿಯ ಸೂಕ್ಷ್ಮ ಕೋಶಗಳು ಸವೆಯುವಾಗ ಮೊದಲು ಹೋಗುವುದು ಕೀರಲು ಸದ್ದುಗಳು. ಸ, ಶ, ತ, ಚ ಮುಂತಾದ ವ್ಯಂಜನಗಳು ಮಸುಕಾಗುತ್ತವೆ, ಸ್ವರಗಳು ಕೇಳುತ್ತಲೇ ಇರುತ್ತವೆ. ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ ಎಂದು ಹಿರಿಯರು ಹೇಳುವುದು ಅದಕ್ಕೇ. 40–50 ಡೆಸಿಬಲ್ ನಷ್ಟವಾದ ಅಜ್ಜನಿಗೆ ಜಗಲಿಯ ಪಟ್ಟಾಂಗ ತಪ್ಪಿಹೋಗುತ್ತದೆ. ಕಾನೂನಿನ ಕಣ್ಣಿಗೆ ಅವನ ಕಿವಿ ಸರಿಯಾಗಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಬದುಕಿಗೆ ತೊಡಕಾಗುವ ಶ್ರವಣನಷ್ಟವನ್ನು 35 ಡೆಸಿಬಲಿನ ಆಚೆಯಿಂದಲೇ ಎಣಿಸುತ್ತದೆ. ಆ ಲೆಕ್ಕದಲ್ಲಿ 60 ದಾಟಿದವರಲ್ಲಿ ಕಾಲುಭಾಗಕ್ಕೂ ಹೆಚ್ಚು ಮಂದಿ ಬರುತ್ತಾರೆ.

ವಿಮೆ ಎಂಬ ಮಾತು ಪುತ್ತೂರು ಸೀಮೆಯ ಕೃಷಿಕರ ಮನೆಗೆ ಬಂದದ್ದು ಸಹಕಾರ ಸಂಘಗಳ ಮೂಲಕ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ನೆಟ್ಟ ಸಹಕಾರ ಚಳವಳಿ ಊರೂರಿಗೆ ಕೃಷಿ ಪತ್ತಿನ ಸಂಘಗಳನ್ನು ಕೊಟ್ಟಿತ್ತು. ಯಶಸ್ವಿನಿ ಆರೋಗ್ಯ ವಿಮೆ ಯೋಜನೆ 2003ರಲ್ಲಿ ಜಾರಿಗೆ ಬಂದಾಗ ಇಂಥ ಸಂಘಗಳೇ ಸದಸ್ಯರ ಹೆಸರು ಬರೆಸಿಕೊಂಡವು. ಆರಂಭದಲ್ಲಿ ತಲೆಗೆ ವರ್ಷಕ್ಕೆ 60 ರೂಪಾಯಿ ವಂತಿಗೆ. ಇದರ ರೂವಾರಿಗಳಲ್ಲಿ ಒಬ್ಬರಾದ ಹೃದಯತಜ್ಞ ದೇವಿಪ್ರಸಾದ್ ಶೆಟ್ಟಿ ಇದೇ ಜಿಲ್ಲೆಯ ಕಿನ್ನಿಗೋಳಿಯವರು. ಯೋಜನೆಯ ಜೀವಾಳ ಶಸ್ತ್ರಚಿಕಿತ್ಸೆ. ಕಡಿಮೆ ವಂತಿಗೆಯಲ್ಲಿ ದೊಡ್ಡ ಖರ್ಚನ್ನು ಹೊರುವ ಈ ಲೆಕ್ಕ ಜಾಣತನದ್ದೇ, ಅದು ಎಷ್ಟೋ ಮನೆಗಳನ್ನು ಸಾಲದಿಂದ ಉಳಿಸಿತು. ಆದರೆ ಕಿವಿಯ ಯಂತ್ರ ಆ ಲೆಕ್ಕದೊಳಗೆ ಬರುವಂಥದ್ದಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 2004ರಲ್ಲಿ ತನ್ನ ಸಂಘಗಳ ಸದಸ್ಯರಿಗಾಗಿ ತಂದ ಸಂಪೂರ್ಣ ಸುರಕ್ಷಾ ವಿಮೆಯೂ ಮುಖ್ಯವಾಗಿ ಆಸ್ಪತ್ರೆ ದಾಖಲಾತಿಯ ಖರ್ಚಿನದೇ.

2008ರಲ್ಲಿ ಕೇಂದ್ರ ಆರಂಭಿಸಿದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿಯ ರಕ್ಷಣೆ ಕೊಟ್ಟಿತು, ಆದರೆ ಒಂದು ಕಾರ್ಡಿಗೆ ಐವರು ಮಾತ್ರ. ಕೂಡುಮನೆಯಲ್ಲಿ ಯಾರ ಹೆಸರು ಬಿಡುವುದು ಎಂಬ ಪ್ರಶ್ನೆ ಅಲ್ಲೇ ಹುಟ್ಟಿತು. 2010ರ ವಾಜಪೇಯಿ ಆರೋಗ್ಯಶ್ರೀ ದೊಡ್ಡ ಕಾಯಿಲೆಗಳ ಕಡೆ ಹೊರಳಿತು. 2018ರಲ್ಲಿ ಆರೋಗ್ಯ ಕರ್ನಾಟಕ, ಅದೇ ವರ್ಷ ಆಯುಷ್ಮಾನ್ ಭಾರತ್ ಬಂದು ಎರಡೂ ಒಂದಾದವು: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ; ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ಮಿತಿ 1.5 ಲಕ್ಷ. ಆಯುಷ್ಮಾನ್ ಪಟ್ಟಿಯಲ್ಲಿ ಕಿವಿಯೂ ಇದೆ. ತಮಟೆಯ ತೂತು ಮುಚ್ಚುವುದು, ಕಿವಿಯ ಹಿಂದಿನ ಮೂಳೆಯ ಸೋಂಕು ತೆಗೆಯುವುದು, ಮಧ್ಯಕಿವಿಯ ಪುಟ್ಟ ಮೂಳೆ ಬದಲಿಸುವುದು, ಎಲ್ಲವೂ ಶಸ್ತ್ರಚಿಕಿತ್ಸೆಗಳೇ. ಹೊರರೋಗಿಯ ಪರೀಕ್ಷೆಯೂ ಮುಪ್ಪಿನ ಕಿವಿಗೆ ಬೇಕಾದ ಸಾಧನವೂ ಅದರಲ್ಲಿಲ್ಲ.

ಇದರ ನಡುವೆ ವಿಮೆಯ ಹೊರಗೆ ಎರಡು ಬೆಳವಣಿಗೆಗಳಾದವು. ಒಂದು, 2006–07ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ರಾಷ್ಟ್ರೀಯ ಕಿವುಡುತನ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮ. ಜಿಲ್ಲಾ ಆಸ್ಪತ್ರೆಗಳಿಗೆ ಶ್ರವಣ ಪರೀಕ್ಷೆಯ ಉಪಕರಣ ಮತ್ತು ಸಿಬ್ಬಂದಿ ಒದಗಿಸುವುದು ಅದರ ಭಾಗ. ಎರಡನೆಯದು 2017ರ ಏಪ್ರಿಲ್ 1ರಂದು ನೆಲ್ಲೂರಿನಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ವಯೋಶ್ರೀ ಯೋಜನೆ. ಬಿಪಿಎಲ್ ಕುಟುಂಬದ ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದ, 60 ದಾಟಿದವರಿಗೆ ಊರುಗೋಲು, ಕನ್ನಡಕ, ಹಲ್ಲಿನ ಸೆಟ್ಟಿನ ಜೊತೆಗೆ ಶ್ರವಣ ಸಾಧನವನ್ನೂ ಅದು ಉಚಿತವಾಗಿ ಕೊಡುತ್ತದೆ. ಈ ಚರಿತ್ರೆಯಲ್ಲಿ ಇದೇ ನಿಜವಾದ ತಿರುವು. ಡೆಸಿಬಲಿನ ಗೆರೆ ಬದಿಗೆ ಸರಿದು, ಮುಪ್ಪೇ ಅರ್ಹತೆಯಾದದ್ದು ಇಲ್ಲಿ. ಆದರೆ ಇದು ಶಿಬಿರದಲ್ಲಿ ಹಂಚುವ ಪದ್ಧತಿ. ಶ್ರವಣ ಸಾಧನ ಊರುಗೋಲಿನ ಹಾಗೆ ಕೈಗೆ ಕೊಟ್ಟು ಕಳುಹಿಸುವ ವಸ್ತುವಲ್ಲ. ಹೊಂದಿಸದೆ ಬಿಟ್ಟರೆ ತಟ್ಟೆ ಲೋಟದ ಸದ್ದು ತಲೆಗೆ ಬಡಿಯುತ್ತದೆ, ಮಾತು ಮಾತ್ರ ಹಿಂದೆಯೇ ಉಳಿಯುತ್ತದೆ. ಅಂಥ ಯಂತ್ರ ಕಪಾಟು ಸೇರಲು ಹೆಚ್ಚು ದಿನ ಬೇಕಾಗುವುದಿಲ್ಲ.

2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, 5 ಲಕ್ಷ ರೂಪಾಯಿಯ ಆಯುಷ್ಮಾನ್ ರಕ್ಷಣೆಯನ್ನು ವಿಸ್ತರಿಸಿತು. ವಯಸ್ಸನ್ನೇ ಹಕ್ಕಾಗಿಸುವ ತತ್ವ ವಿಮೆಯೊಳಗೂ ಬಂತು. ಪ್ಯಾಕೇಜುಗಳು ಮಾತ್ರ ಒಳರೋಗಿಯ ಸುತ್ತಲೇ ಉಳಿದವು.

ಇಂದು ರಾಮಕುಂಜದ ಹಿರಿಯರ ಮುಂದಿರುವ ದಾರಿ ಹಲವು ತುಂಡುಗಳದ್ದು. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ಕಿವಿ ನೋಡಿ ಮುಂದಕ್ಕೆ ಕಳುಹಿಸಬಹುದು. ತಜ್ಞರ ಪರೀಕ್ಷೆಗೆ ಸುಳ್ಯದ ಕೆವಿಜಿ ವೈದ್ಯಕೀಯ ಕಾಲೇಜು ಅಥವಾ ವೆನ್ಲಾಕ್. 60 ಡೆಸಿಬಲ್ ದಾಟಿದ್ದರೆ ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡ್ ಮಾಡಿಸಿ ಅಡಿಪ್ ನೆರವು, ಇಲ್ಲವೇ ಗ್ರಾಮ ಪಂಚಾಯತ್ ವಿಕಲಚೇತನರಿಗೆಂದು ಮೀಸಲಿಡುವ ಶೇ. 5 ಅನುದಾನ, ಅರ್ಜಿಗೆ ನೆರವಾಗಲು ಪಂಚಾಯತಿನ ಪುನರ್ವಸತಿ ಕಾರ್ಯಕರ್ತರಿದ್ದಾರೆ. ನಷ್ಟ ಅದಕ್ಕಿಂತ ಕಡಿಮೆಯಿದ್ದರೆ, ಕಾರ್ಡು ಬಿಪಿಎಲ್ ಆಗಿದ್ದರೆ ಅಥವಾ ತಿಂಗಳ ಆದಾಯ 15,000 ರೂಪಾಯಿಯೊಳಗಿದ್ದರೆ, ವಯೋಶ್ರೀ ಶಿಬಿರಕ್ಕೆ ಕಾಯಬೇಕು. ಎಪಿಎಲ್ ಕಾರ್ಡಿನ, ಆ ಆದಾಯದ ಮಿತಿ ದಾಟಿದ, 50 ಡೆಸಿಬಲ್ ನಷ್ಟದ ಸಣ್ಣ ಅಡಿಕೆ ಬೆಳೆಗಾರ ಈ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ ಎಂಬುದೊಂದೇ ಅವನಿಗೆ ಸರ್ಕಾರದಿಂದ ಸಿಗುವ ರಿಯಾಯಿತಿ. ಯಂತ್ರದ ಬೆಲೆ, ಬ್ಯಾಟರಿ, ಮಂಗಳೂರಿನ ಬಸ್ಸಿನ ಖರ್ಚು ಎಲ್ಲವೂ ಮನೆಯವರದೇ.