ದಖ್ಖನ್ ಟ್ರ್ಯಾಪ್: ಸಹ್ಯಾದ್ರಿಯ ಲಾವಾಸ್ತರಗಳು

ಪಶ್ಚಿಮ ಘಟ್ಟಗಳ ಉತ್ತರಾರ್ಧ, ಅಂದರೆ ಸ್ಥೂಲವಾಗಿ ತಾಪಿ ನದಿಯ ದಕ್ಷಿಣದಿಂದ ಬೆಳಗಾವಿಯ ಆಸುಪಾಸಿನವರೆಗೆ ಚಾಚಿಕೊಂಡಿರುವ ಸಹ್ಯಾದ್ರಿ, ಬಹುಮಟ್ಟಿಗೆ ಬಸಾಲ್ಟ್ ಎಂಬ ಒಂದೇ ಬಗೆಯ ಕಪ್ಪು ಅಗ್ನಿಶಿಲೆಯಿಂದಾಗಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಕ್ರಿಟೇಷಿಯಸ್ ಕಾಲ ಮುಗಿದು ಪೇಲಿಯೊಜೀನ್ ಕಾಲ ತೊಡಗುವ ಸಂಧಿಯಲ್ಲಿ, ಭೂಗರ್ಭದಿಂದ ಮೇಲೆದ್ದ ಶಿಲಾಪಾಕ ಲಾವಾರಸವಾಗಿ ಹೊರಬಂದು, ಪದರದ ಮೇಲೆ ಪದರವಾಗಿ ಹರಡಿ ಹೆಪ್ಪುಗಟ್ಟಿದ್ದರಿಂದ ಈ ಶಿಲಾರಾಶಿ ಉಂಟಾಯಿತು. ಇದನ್ನು ಭೂವಿಜ್ಞಾನದಲ್ಲಿ ದಖ್ಖನ್ ಟ್ರ್ಯಾಪ್ ಎಂದು ಕರೆಯುತ್ತಾರೆ. ಬೆಟ್ಟದ ಮೈ ಮೆಟ್ಟಿಲುಮೆಟ್ಟಿಲಾಗಿ ಕಾಣುವುದರಿಂದ, ಮೆಟ್ಟಿಲು ಎಂಬರ್ಥದ ಉತ್ತರ ಯುರೋಪಿನ ಶಬ್ದವೊಂದು ಇಂಥ ಲಾವಾಪ್ರದೇಶಗಳಿಗೆಲ್ಲ ಹೆಸರಾಗಿ ನಿಂತಿದೆ. ಮಹಾರಾಷ್ಟ್ರದ ಬಹುಭಾಗ, ಗುಜರಾತ್ ಮತ್ತು ಮಧ್ಯಪ್ರದೇಶಗಳ ದೊಡ್ಡ ಪಾಲು, ತೆಲಂಗಾಣದ ಒಂದಷ್ಟು ನೆಲ ಹಾಗೂ ಕರ್ನಾಟಕದ ಉತ್ತರದಂಚಿನ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳ ಭಾಗಗಳನ್ನು ಸೇರಿಸಿ ಈಗ ಸುಮಾರು 5 ಲಕ್ಷ ಚದರ ಕಿಲೋಮೀಟರಿನಷ್ಟು ಪ್ರದೇಶವನ್ನು ಇದು ಆವರಿಸಿದೆ. ಸವೆದುಹೋದ ಭಾಗವನ್ನೂ ಅರಬ್ಬೀ ಸಮುದ್ರದಡಿಯಲ್ಲಿ ಮುಳುಗಿರುವ ಭಾಗವನ್ನೂ ಗಣನೆಗೆ ತೆಗೆದುಕೊಂಡರೆ ಮೂಲ ವಿಸ್ತಾರ ಇದಕ್ಕಿಂತ ಬಹಳ ಹೆಚ್ಚಿನದಾಗಿತ್ತು.

ಜ್ವಾಲಾಮುಖಿಯೆಂದರೆ ತುದಿಯಲ್ಲಿ ಕುಳಿಯಿರುವ ಶಂಕುವಿನಾಕಾರದ ಬೆಟ್ಟವೆಂಬ ಕಲ್ಪನೆ ಸಹ್ಯಾದ್ರಿಗೆ ಹೊಂದುವುದಿಲ್ಲ. ಮಹಾರಾಷ್ಟ್ರದ ಅತಿ ಎತ್ತರದ ಶಿಖರವಾದ 1,646 ಮೀಟರ್ ಎತ್ತರದ ಕಳಸೂಬಾಯಿಯಾಗಲಿ, ಮಹಾಬಳೇಶ್ವರದ ಸುತ್ತಲಿನ ಬೆಟ್ಟಗಳಾಗಲಿ ಜ್ವಾಲಾಮುಖಿಗಳಲ್ಲ. ಅವು ಒಂದು ಕಾಲಕ್ಕೆ ಸಮತಟ್ಟಾಗಿದ್ದ ಲಾವಾ ಪ್ರಸ್ಥಭೂಮಿಯನ್ನು ನೀರು ಕೊರೆದು ತೆಗೆದ ಮೇಲೆ ಉಳಿದ ಭಾಗಗಳು. ಲಾವಾ ಹೊರಬಂದದ್ದು ಕೊಳವೆಯಂಥ ಬಾಯಿಗಳಿಂದಲ್ಲ, ನೆಲದಲ್ಲಿ ಕಿಲೋಮೀಟರುಗಟ್ಟಲೆ ಉದ್ದಕ್ಕೆ ಬಾಯ್ದೆರೆದ ಬಿರುಕುಗಳಿಂದ. ಆ ಬಿರುಕುಗಳಲ್ಲೇ ಉಳಿದು ಗಟ್ಟಿಯಾದ ಶಿಲಾಪಾಕ ಇಂದು ಅಡ್ಡಡ್ಡ ಪದರಗಳನ್ನು ಸೀಳಿಕೊಂಡು ಲಂಬವಾಗಿ ನಿಂತ ಕಲ್ಲಿನ ಗೋಡೆಗಳಂತೆ ಕಾಣುತ್ತದೆ. ಡೈಕ್ ಎಂದು ಕರೆಯುವ ಇಂಥ ಗೋಡೆಗಳು ನರ್ಮದಾ–ತಾಪಿ ಕಣಿವೆಗಳಲ್ಲಿ, ನಾಸಿಕ್ ಮತ್ತು ಪುಣೆಯ ನಡುವೆ ಹಾಗೂ ಕೊಂಕಣ ತೀರದಲ್ಲಿ ಗುಂಪುಗುಂಪಾಗಿವೆ. ದಖ್ಖನಿನಲ್ಲಿ ಕುಳಿಯೆಂದೇ ಹೆಸರಾದ ಲೋಣಾರ್ ಸರೋವರ ಹಿಂದೆ ಜ್ವಾಲಾಮುಖಿಯ ಬಾಯಿ ಎನಿಸಿಕೊಂಡಿದ್ದುಂಟು, ಸುಮಾರು 1.8 ಕಿಲೋಮೀಟರ್ ವ್ಯಾಸದ ಆ ಕುಳಿ ಬಸಾಲ್ಟ್ ಹೆಪ್ಪುಗಟ್ಟಿ ಎಷ್ಟೋ ಕಾಲವಾದ ಮೇಲೆ ಉಲ್ಕೆಯೊಂದು ಬಡಿದು ಆದದ್ದು.

ಒಂದೊಂದು ಲಾವಾಪ್ರವಾಹದ ಒಳರಚನೆಯನ್ನು ತಿಳಿಯಲು ಘಟ್ಟದ ರಸ್ತೆಗಳ ಕಡಿತಗಳು ಅನುಕೂಲವಾದ ಸ್ಥಳಗಳು; ಮಹಾಬಳೇಶ್ವರದಿಂದ ಪೋಲಾದಪುರಕ್ಕೆ ಇಳಿಯುವ ಅಂಬೇನಳಿ ಘಟ್ಟ ಇವುಗಳಲ್ಲಿ ಪ್ರಸಿದ್ಧವಾದದ್ದು. ಪ್ರವಾಹದ ತಳದಲ್ಲಿ ತೆಳ್ಳಗಿನ, ಬೇಗ ತಣಿದ, ಸಣ್ಣ ಹರಳುಗಳ ಪಟ್ಟಿಯಿರುತ್ತದೆ. ಅದರ ಮೇಲಿನ ನಡುಭಾಗ ದಟ್ಟವೂ ಕಠಿಣವೂ ಆಗಿದ್ದು, ನಿಧಾನವಾಗಿ ತಣಿಯುವಾಗ ಕುಗ್ಗಿದ್ದರಿಂದ ಅದರಲ್ಲಿ ಲಂಬವಾದ ಬಿರುಕುಗಳೆದ್ದಿರುತ್ತವೆ. ಈ ಬಿರುಕುಗಳು ಕ್ರಮಬದ್ಧವಾಗಿದ್ದಲ್ಲಿ ಶಿಲೆ ಐದಾರು ಮುಖಗಳ ಕಂಬಗಳಾಗಿ ಒಡೆದಿರುತ್ತದೆ. ಮುಂಬಯಿಯ ಅಂಧೇರಿಯಲ್ಲಿ ಕಟ್ಟಡಗಳ ನಡುವೆ ಸುಮಾರು 60 ಮೀಟರ್ ಎತ್ತರಕ್ಕೆ ನಿಂತಿರುವ ಗಿಲ್ಬರ್ಟ್ ಹಿಲ್ ಇಂಥ ಕಂಬಗಳ ಗುಂಪು. ಪ್ರವಾಹದ ಮೇಲ್ಭಾಗದಲ್ಲಿ ಲಾವಾರಸದಿಂದ ಬಿಟ್ಟುಹೋಗುತ್ತಿದ್ದ ಅನಿಲಗಳ ಗುಳ್ಳೆಗಳು ಸಿಕ್ಕಿಬಿದ್ದು ಕಲ್ಲು ರಂಧ್ರಮಯವಾಗಿರುತ್ತದೆ. ಎಲ್ಲಕ್ಕೂ ಮೇಲೆ, ಮುಂದಿನ ಪ್ರವಾಹ ಬಂದು ಮುಚ್ಚುವ ಮೊದಲು ದೊರೆತ ಬಿಡುವಿನಲ್ಲಿ ಮೇಲ್ಮೈ ಮಳೆಗಾಳಿಗೆ ಸಿಕ್ಕಿ ಕೊಳೆತು, ಇಟ್ಟಿಗೆಗೆಂಪು ಬಣ್ಣದ ಜೇಡಿಪಟ್ಟಿಯಾಗಿರುವುದೂ ಉಂಟು. ಭೂವಿಜ್ಞಾನಿಗಳು ಕೆಂಪು ಬೋಲ್ ಎನ್ನುವ ಈ ಪಟ್ಟಿ ಸಾಮಾನ್ಯವಾಗಿ ಒಂದು ಮೀಟರಿಗಿಂತ ಹೆಚ್ಚು ದಪ್ಪವಿರದಿದ್ದರೂ ಕಪ್ಪು ಕಲ್ಲಿನ ನಡುವೆ ದೂರಕ್ಕೇ ಎದ್ದುಕಾಣುತ್ತದೆ. ಕಠಿಣವಾದ ನಡುಭಾಗ ಕಡಿದಾದ ಗೋಡೆಯಾಗಿ ನಿಂತು, ಮೆದುವಾದ ಮೇಲ್ಪದರವೂ ಕೆಂಪುಪಟ್ಟಿಯೂ ಸವೆದು ಇಳಿಜಾರಾಗುವುದರಿಂದಲೇ ಬೆಟ್ಟದ ಮೈಗೆ ಮೆಟ್ಟಿಲಿನ ರೂಪ ಬಂದಿದೆ.

ಎಲ್ಲ ಪ್ರವಾಹಗಳೂ ಒಂದೇ ಬಗೆಯಲ್ಲಿ ಹರಿದವಲ್ಲ. ಕೆಳಗಿನ, ಅಂದರೆ ಹಳೆಯ ಸ್ತರಗಳಲ್ಲಿ ಹವಾಯಿ ದ್ವೀಪದ ಭಾಷೆಯಿಂದ ಬಂದ ಪಾಹೋಯಿಹೋಯಿ ಎಂಬ ಹೆಸರಿನ ನಯಮೈಯ ಲಾವಾ ಹೆಚ್ಚು: ಸಣ್ಣ ಸಣ್ಣ ನಾಲಗೆಗಳಾಗಿ ಮುಂದೆ ಸರಿದ ಲಾವಾರಸದ ಮೇಲೆ ತೆಳುವಾದ ತೊಗಟೆಗಟ್ಟಿ, ಒಳಗೆ ಇನ್ನೂ ಹರಿದುಬರುತ್ತಿದ್ದ ರಸದ ಒತ್ತಡಕ್ಕೆ ಆ ತೊಗಟೆ ಹಂಚಿನ ಮೇಲಿನ ಜೋಳದ ರೊಟ್ಟಿಯಂತೆ ಉಬ್ಬಿ ಮೇಲೆದ್ದಿತು. ತೊಗಟೆ ಶಾಖವನ್ನು ಒಳಗೇ ಹಿಡಿದಿಡುವುದರಿಂದ ಸಾವಿರ ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯ ರಸ ತಣಿಯದೆ ಬಹುದೂರ ಸಾಗಬಲ್ಲುದು. ಮೇಲಿನ ಸ್ತರಗಳಲ್ಲಿ ತೊಗಟೆ ಒಡೆದು ಚೂರಾಗಿ ಪ್ರವಾಹದ ಮೇಲೆ ತೇಲಿಬಂದ, ಅಗಲವಾದ ಹಾಸುಗಳೇ ಹೆಚ್ಚು. ಹೀಗೆ ಹರಿದ ಲಾವಾ ಎಷ್ಟು ದೂರ ಹೋಯಿತೆಂಬುದಕ್ಕೆ ಆಂಧ್ರಪ್ರದೇಶದ ರಾಜಮಹೇಂದ್ರಿಯ ಬಳಿ ಗೋದಾವರಿ ತೀರದಲ್ಲಿರುವ ಬಸಾಲ್ಟ್ ಸಾಕ್ಷಿಯೆನ್ನುತ್ತಾರೆ. ಸಹ್ಯಾದ್ರಿಯ ಮೇಲಿನ ಸ್ತರಗಳ ರಾಸಾಯನಿಕ ಲಕ್ಷಣಗಳನ್ನೇ ಹೊಂದಿರುವ ಅದು ಪ್ರಾಚೀನ ನದೀಕಣಿವೆಗಳನ್ನು ಹಿಡಿದು ಸಾವಿರ ಕಿಲೋಮೀಟರಿನಷ್ಟು ಹರಿದುಬಂದದ್ದೆಂಬುದು ಹಲವರ ಅಭಿಪ್ರಾಯ.

ಅನಿಲಗುಳ್ಳೆಗಳ ಪೊಳ್ಳುಗಳು ಕಾಲಾನಂತರದಲ್ಲಿ ಖನಿಜಗಳ ಗೂಡುಗಳಾದವು. ಶಿಲೆಯೊಳಗೆ ಇಳಿದ ನೀರು ಬಿಸಿಯಾಗಿ, ಶಿಲೆಯಲ್ಲಿದ್ದ ಗಾಜಿನಂಶವನ್ನು ಕರಗಿಸಿಕೊಂಡು, ಪೊಳ್ಳುಗಳಲ್ಲಿ ಜಿಯೋಲೈಟ್ ಎಂಬ, ನೀರಿನಂಶವಿರುವ ಸಿಲಿಕೇಟ್ ಖನಿಜಗಳನ್ನು ಹರಳುಗಟ್ಟಿಸಿತು. ಸ್ಟಿಲ್ಬೈಟಿನ ತಿಳಿಗುಲಾಬಿ ಕಟ್ಟುಗಳು, ಹ್ಯೂಲಂಡೈಟಿನ ಹೊಳೆಯುವ ಬಿಲ್ಲೆಗಳು, ಅವುಗಳೊಡನೆ ಬೆಳೆಯುವ ಅಪೊಫಿಲ್ಲೈಟಿನ ಚೌಕ ಹರಳುಗಳು ಪುಣೆ, ನಾಸಿಕ್, ಜಳಗಾಂವ್ ಕಡೆಯ ಕಲ್ಲಿನ ಗಣಿಗಳಲ್ಲಿ ದೊರೆತು ಲೋಕದ ವಸ್ತುಸಂಗ್ರಹಾಲಯಗಳನ್ನೆಲ್ಲ ಸೇರಿವೆ. ಪುಣೆಯ ಹತ್ತಿರದ ವಾಘೋಲಿಯ ಗಣಿಗಳು ಕಡುನೀಲಿ ಬಣ್ಣದ ಕ್ಯಾವನ್ಸೈಟ್ ಎಂಬ ವಿರಳ ಖನಿಜಕ್ಕೆ ಹೆಸರಾಗಿವೆ. ರಸ್ತೆಗೆ ಜಲ್ಲಿ ಒಡೆಯುವ ಗಣಿಗಳಲ್ಲೇ ಇವು ಸಿಗುವುದು. ಎಷ್ಟು ಹರಳು ಜಲ್ಲಿಯಾಗಿಯೇ ಹೋಯಿತೋ ಲೆಕ್ಕವಿಟ್ಟವರಿಲ್ಲ.

ಕಣ್ಣಿಗೆ ಒಂದೇ ತೆರನಾಗಿ ಕಾಣುವ ನೂರಾರು ಪ್ರವಾಹಗಳನ್ನು ವರ್ಗೀಕರಿಸುವುದು ಬಹುಕಾಲ ಕಷ್ಟವಾಗಿಯೇ ಉಳಿದಿತ್ತು. 1980ರ ದಶಕದಲ್ಲಿ ಭಾರತೀಯ ಮತ್ತು ವಿದೇಶೀ ಭೂವಿಜ್ಞಾನಿಗಳು ಘಟ್ಟದ ದಾರಿಗಳುದ್ದಕ್ಕೂ ಮಾದರಿಗಳನ್ನು ಆಯ್ದು, ಅವುಗಳ ರಾಸಾಯನಿಕ ರಚನೆಯನ್ನೂ ಸ್ಟ್ರಾನ್ಷಿಯಂ ಐಸೊಟೋಪುಗಳ ಪ್ರಮಾಣವನ್ನೂ ಹೋಲಿಸಿ, ಇಡೀ ರಾಶಿಯನ್ನು ಕಳಸೂಬಾಯಿ, ಲೋಣಾವಳ ಮತ್ತು ವಾಯಿ ಎಂಬ ಮೂರು ಉಪಸಮೂಹಗಳಾಗಿ ವಿಂಗಡಿಸಿದರು. ಮೇಲೇರುತ್ತಿದ್ದ ಶಿಲಾಪಾಕ ದಾರಿಯಲ್ಲಿನ ಭೂತೊಗಟೆಯ ಗ್ರಾನೈಟಿನಂಥ ಶಿಲೆಯನ್ನು ಎಷ್ಟು ಕರಗಿಸಿಕೊಂಡಿತ್ತು ಎಂಬುದು ಈ ವಿಂಗಡಣೆಯ ಮುಖ್ಯ ಸುಳಿವು: ಲೋಣಾವಳ ಉಪಸಮೂಹದ ಬುಶೆ ಸ್ತರದಲ್ಲಿ ಇಂಥ ಬೆರಕೆ ಅತಿ ಹೆಚ್ಚು, ಅದರ ಮೇಲಿರುವ ವಾಯಿ ಉಪಸಮೂಹದ ಅಂಬೇನಳಿ ಸ್ತರದಲ್ಲಿ ಅತಿ ಕಡಿಮೆ. ಕಳಸೂಬಾಯಿ ಉಪಸಮೂಹದ ಸ್ತರಗಳ ನಡುವೆ ಸೆಂಟಿಮೀಟರುಗಳಷ್ಟು ಉದ್ದದ ಬಿಳಿಯ ಪ್ಲೇಜಿಯೊಕ್ಲೇಸ್ ಫೆಲ್ಡ್‌ಸ್ಪಾರ್ ಹರಳುಗಳು ತುಂಬಿದ ಪ್ರವಾಹಗಳಿದ್ದು, ಅವನ್ನು ಮಾತ್ರ ಪ್ರಯೋಗಾಲಯದ ನೆರವಿಲ್ಲದೆ ಗುರುತಿಸಬಹುದು. ಸ್ತರಗಳು ದಕ್ಷಿಣದ ಕಡೆಗೆ ಬಹಳ ಸೌಮ್ಯವಾಗಿ ಬಾಗಿರುವುದರಿಂದ ಉತ್ತರದ ನಾಸಿಕ್ ಕಡೆ ಹಳೆಯವು ಕಾಣಿಸಿಕೊಳ್ಳುತ್ತವೆ, ದಕ್ಷಿಣಕ್ಕೆ ಬಂದಷ್ಟೂ ಹೊಸವು. ಎಲ್ಲಕ್ಕಿಂತ ಮೇಲಿನ ಪನ್ಹಾಳ ಮತ್ತು ದೇಸೂರು ಸ್ತರಗಳಲ್ಲಿ ಮೊದಲನೆಯದಕ್ಕೆ ಕೊಲ್ಲಾಪುರದ ಕೋಟೆಯೂ ಎರಡನೆಯದಕ್ಕೆ ಬೆಳಗಾವಿಯ ನೆರೆಯ ಊರೂ ಹೆಸರು ಕೊಟ್ಟಿವೆ.

ಎಲ್ಲ ಸ್ತರಗಳ ದಪ್ಪವನ್ನು ಕೂಡಿಸಿದರೆ ಸುಮಾರು 3 ಕಿಲೋಮೀಟರ್ ಆಗುವುದಾದರೂ ಯಾವ ಒಂದು ಸ್ಥಳದಲ್ಲೂ ಅಷ್ಟು ಕಾಣಸಿಗುವುದಿಲ್ಲ. ತಳ ಎಲ್ಲಿದೆಯೆಂಬುದಕ್ಕೆ ನೇರ ಉತ್ತರ ದೊರೆತದ್ದು ಭೂಕಂಪದ ಅಧ್ಯಯನದಿಂದ. 1967ರ ಡಿಸೆಂಬರ್ 11ರಂದು ಕೊಯ್ನಾ ಜಲಾಶಯದ ಬಳಿ 6.3 ಪ್ರಮಾಣದ ಭೂಕಂಪ ಸಂಭವಿಸಿತು. ಜಲಾಶಯದಲ್ಲಿ ನಿಂತ ನೀರೇ ಅದನ್ನು ಪ್ರಚೋದಿಸಿತೆಂದು ಸಾಮಾನ್ಯವಾಗಿ ಒಪ್ಪಿಕೊಳ್ಳಲಾಗಿದೆ. ಕಾರಣವನ್ನು ಆಳದಲ್ಲೇ ಪರೀಕ್ಷಿಸಲು ಈಚಿನ ದಶಕದಲ್ಲಿ ಕೊರೆದ ಬಾವಿಗಳಲ್ಲಿ ಮೊದಲನೆಯದು ಸುಮಾರು 930 ಮೀಟರ್ ಬಸಾಲ್ಟನ್ನು ದಾಟಿ ನೇರವಾಗಿ ಗ್ರಾನೈಟ್–ನೈಸ್ ಶಿಲೆಯನ್ನು ಮುಟ್ಟಿತು. ಇವೆರಡರ ನಡುವೆ ಮರಳುಗಲ್ಲಾಗಲಿ ಜೇಡಿಗಲ್ಲಾಗಲಿ ಇರಲಿಲ್ಲ. ಬರಿಯ ಪ್ರಾಚೀನ ಬಂಡೆನೆಲದ ಮೇಲೆಯೇ ಅಲ್ಲಿ ಲಾವಾ ಹರಿದಿತ್ತು.

ಈ ಸ್ಫೋಟಗಳ ಕಾಲವೂ ಡೈನೊಸಾರುಗಳ ಅಳಿವಿನ ಕಾಲವೂ ಕೂಡಿಬರುವುದು ದಖ್ಖನ್ ಟ್ರ್ಯಾಪಿಗೆ ಜಾಗತಿಕ ಮಹತ್ವ ತಂದಿದೆ. ಆ ಅಳಿವಿಗೆ ಮೆಕ್ಸಿಕೊದ ಚಿಕ್ಶುಲೂಬ್‌ನಲ್ಲಿ ಬಡಿದ ಕ್ಷುದ್ರಗ್ರಹ ಮುಖ್ಯ ಕಾರಣವೆಂಬುದು ಇಂದು ಹೆಚ್ಚು ಜನ ಒಪ್ಪುವ ಮತವಾದರೂ, ಲಾವಾದೊಡನೆ ಹೊರಬಂದ ಗಂಧಕದ ಮತ್ತು ಇಂಗಾಲದ ಡೈಆಕ್ಸೈಡುಗಳು ಹವಾಮಾನವನ್ನು ಅದಕ್ಕೂ ಮೊದಲೇ ಕೆಡಿಸಿದ್ದವೆಂಬ ವಾದ ತಳ್ಳಿಹಾಕುವಂಥದಲ್ಲ. 2019ರಲ್ಲಿ ಸೈನ್ಸ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ಸಹ್ಯಾದ್ರಿಯ ಸ್ತರಗಳ ವಯಸ್ಸನ್ನು ಪ್ರಕಟಿಸಿದವು. ಕೆಂಪು ಬೋಲ್‌ಗಳಲ್ಲಿ ಸಿಕ್ಕಿದ ಜಿರ್ಕಾನ್ ಹರಳುಗಳ ಯುರೇನಿಯಂ–ಸೀಸ ವಿಧಾನದಿಂದ ಕಾಲ ಅಳೆದ ತಂಡ ಲಾವಾ ನಾಲ್ಕು ಬಿರುಸಾದ ಹಂತಗಳಲ್ಲಿ ಬಂದಿತೆಂದೂ ಅವುಗಳಲ್ಲೊಂದು ಅಳಿವಿಗೆ ತುಸು ಮೊದಲಿನದೆಂದೂ ಹೇಳಿದರೆ, ಲಾವಾದ ಫೆಲ್ಡ್‌ಸ್ಪಾರಿನಲ್ಲಿನ ಆರ್ಗಾನಿನಿಂದ ಅಳೆದ ತಂಡ ಪ್ರವಾಹ ಹೆಚ್ಚುಕಡಿಮೆ ನಿರಂತರವಾಗಿತ್ತೆಂದೂ ಅದರ ಹೆಚ್ಚಿನ ಪಾಲು ಅಳಿವಿನ ಅನಂತರ ಬಂದಿತೆಂದೂ ತೀರ್ಮಾನಿಸಿತು. ಬಹುಪಾಲು ಲಾವಾ ಹತ್ತು ಲಕ್ಷ ವರ್ಷದ ಒಳಹೊರಗೆ ಹರಿದು ಮುಗಿಯಿತೆಂಬಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಶಿಲಾಪಾಕದ ಮೂಲ, ಭಾರತದ ಭೂಫಲಕ ಉತ್ತರಕ್ಕೆ ಚಲಿಸುತ್ತಿದ್ದಾಗ ಅದರಡಿಯಲ್ಲಿ ಸಿಕ್ಕ ರಿಯೂನಿಯನ್ ಬಿಸಿತಾಣವೆಂದು ಬಹುಜನ ನಂಬುತ್ತಾರೆ. ಲಕ್ಷದ್ವೀಪ, ಮಾಲ್ದೀವ್ಸ್, ಚಾಗೋಸ್‌ಗಳನ್ನು ಹೊತ್ತ ಕಡಲಡಿಯ ದಿಣ್ಣೆ ಆ ಚಲನೆಯ ಜಾಡೆನ್ನಿಸಿಕೊಂಡಿದೆ. ಭೂಫಲಕ ಸೀಳಿದ್ದೇ ಸಾಕಷ್ಟು ಕಾರಣವೆಂದು ವಾದಿಸುವವರೂ ಇದ್ದಾರೆ.

ಬೆಟ್ಟಸಾಲಿನ ಆಕಾರ ಮಾತ್ರ ಈ ಸೀಳಿಗೇ ಸೇರಿದ್ದು. ಲಾವಾಪ್ರವಾಹಗಳ ಕೊನೆಯ ಹಂತದ ಆಸುಪಾಸಿನಲ್ಲಿ ಸೇಶೆಲ್ಸ್ ಭೂಭಾಗ ಭಾರತದಿಂದ ಕಳಚಿಕೊಂಡು, ಪಶ್ಚಿಮದ ಅಂಚು ಕುಸಿದು, ಮುಂಬಯಿ ಕಡೆಯ ಸ್ತರಗಳು ಕಡಲಿನತ್ತ ಬಾಗಿದವು. ಹೊಸ ಕರಾವಳಿಯತ್ತ ಹರಿದ ಗಿಡ್ಡನೆಯ, ಬಿರುಸಿನ ಹೊಳೆಗಳು ಪ್ರಸ್ಥಭೂಮಿಯ ಅಂಚನ್ನು ಪೂರ್ವಕ್ಕೆ ಕೊರೆಯುತ್ತ ಬಂದದ್ದರಿಂದ ಕೊಂಕಣದ ಕಡೆ ಸಾವಿರ ಮೀಟರ್ ಇಳಿಜಾರಿನ ಕಡಿಗೋಡೆಯೂ ಒಳನಾಡಿನ ಕಡೆ ನಿಧಾನವಾದ ಇಳುಕಲೂ ಉಂಟಾದವು. ಅರಬ್ಬೀ ಸಮುದ್ರದಿಂದ ಕೇವಲ 64 ಕಿಲೋಮೀಟರ್ ದೂರದ ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣಾ ನದಿ 1,400 ಕಿಲೋಮೀಟರ್ ಹರಿದು ಬಂಗಾಳಕೊಲ್ಲಿ ಸೇರುವುದು ಇದರಿಂದಲೇ. ಬಸಾಲ್ಟಿನ ಹೆಸರೇ ಇಲ್ಲದ ಕುದುರೆಮುಖ, ಕೊಡಗುಗಳಲ್ಲೂ ಅದೇ ಕಡಿಗೋಡೆ ಮುಂದುವರಿಯುವುದನ್ನು ನೋಡಿದರೆ ಸಹ್ಯಾದ್ರಿಯ ಎತ್ತರವನ್ನು ಲಾವಾದ ಲೆಕ್ಕಕ್ಕೇ ಬರೆಯುವುದು ಸರಿಯಲ್ಲವೆಂದು ತಿಳಿಯುತ್ತದೆ. ಮಹಾಬಳೇಶ್ವರ, ಪಂಚಗಣಿ, ಪನ್ಹಾಳ, ಬೀದರಗಳ ಸಮತಟ್ಟು ನೆತ್ತಿಗಳ ಮೇಲೆ ಹಾಸಿರುವ ಕೆಂಪು ಜಂಬಿಟ್ಟಿಗೆ ಅದೇ ಬಸಾಲ್ಟ್ ಬಿಸಿಲುಮಳೆಗೆ ಸಿಕ್ಕಿ, ಸಿಲಿಕ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಆದದ್ದು.

ಸಮತಟ್ಟಾದ ನೆತ್ತಿಯೂ ಸುತ್ತ ಲಂಬವಾದ ಗೋಡೆಯೂ ಇದ್ದುದರಿಂದ ರಾಯಗಡ, ರಾಜಗಡ, ಶಿವನೇರಿಗಳಂಥ ಕೋಟೆಗಳಿಗೆ ಕಟ್ಟುವ ಶ್ರಮದ ಅರ್ಧ ಉಳಿಯಿತು. ದಟ್ಟವಾದ, ಅಡ್ಡಸ್ತರದ ಶಿಲೆ ಕಾರ್ಲೆ, ಅಜಂತೆಗಳ ಗುಹೆಗಳಿಗೂ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಎಲ್ಲೋರದ ಕೈಲಾಸ ದೇವಾಲಯಕ್ಕೂ ಒದಗಿತು. ವಿಜಯಪುರದ ಗೋಳಗುಮ್ಮಟದ ಕಲ್ಲೂ ಇದೇ. ಬಯಲಿನಲ್ಲಿ ಬಸಾಲ್ಟ್ ಶಿಥಿಲಗೊಂಡು ಆದ ಎರೆಮಣ್ಣು ಸ್ಮೆಕ್ಟೈಟ್ ಎಂಬ ಜೇಡಿಖನಿಜದಿಂದಾಗಿ ಮಳೆಯಲ್ಲಿ ಹಿಗ್ಗಿ ಬೇಸಗೆಯಲ್ಲಿ ಬಾಯಿಬಿಡುತ್ತದೆ. ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುವ ಈ ಎರೆ ಹೊಲಗಳಲ್ಲಿ ವಿಜಯಪುರದ ಕಡೆ ಮಳೆ ನಿಂತ ಮೇಲೆಯೇ ಹಿಂಗಾರಿ ಬಿಳಿಜೋಳ ಬಿತ್ತುತ್ತಾರೆ. ಕರ್ನಾಟಕದಲ್ಲಿ ಜ್ವಾಲಾಮುಖಿ ಶಿಲೆಯೆಂದರೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ಮೊದಲು ನೆನೆಯುವುದು ರೂಢಿಯಾದರೂ ಅವು ದಖ್ಖನ್ ಟ್ರ್ಯಾಪಿಗೆ ಸೇರಿದವಲ್ಲ: ಸಿಲಿಕ ಹೆಚ್ಚಾಗಿರುವ ಬೇರೊಂದು ಲಾವಾದಿಂದಾದ ಆ ಕಂಬಗಳು ಅದಕ್ಕಿಂತ ಎರಡು ಕೋಟಿ ವರ್ಷಗಳಿಗೂ ಹಿಂದಿನವು, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದವು.