ಪಠ್ಯ ಒಂದು, ಪ್ರಯೋಗಶಾಲೆ ಹಲವು



ಯಲ್ಲಾಪುರದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಕಿರವತ್ತಿ ಎಂಬ ಊರಿದೆ. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಈ ಭಾಗ ಸಾಗವಾನಿ ಕಾಡಿಗೆ ಹೆಸರಾದುದು. ಅರಣ್ಯ ಇಲಾಖೆಯ ನಾಟಾ ಡಿಪೋ ಇಲ್ಲಿದೆ. ಈ ಊರಿನ ವಿದ್ಯಾರ್ಥಿನಿಯೊಬ್ಬಳು ವಿಜ್ಞಾನದ ಪದವಿ ಓದಬೇಕಾದರೆ ಬಸ್ಸು ಹತ್ತಲೇಬೇಕು. ಅವಳು ಸೇರುವ ಕಾಲೇಜು ಚಿಕ್ಕದಿರಲಿ ದೊಡ್ಡದಿರಲಿ, ವಿಶ್ವವಿದ್ಯಾಲಯದ ಪ್ರಶ್ನಪತ್ರಿಕೆ ಒಂದೇ. ಆದರೆ ಉಪಕರಣಗಳು ಒಂದೇ ಆಗಿರುತ್ತವೆಯೇ? ಈ ಪ್ರಶ್ನೆಗೆ ದೀರ್ಘ ಇತಿಹಾಸವಿದೆ.

ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯ ಲಂಡನ್ನಿನ ಮಾದರಿಯದು. ಕಲಿಸುವ ಕೆಲಸ ಕಾಲೇಜುಗಳದು, ಪರೀಕ್ಷೆ ನಡೆಸುವ ಕೆಲಸ ವಿಶ್ವವಿದ್ಯಾಲಯದ್ದು. ದೂರದ ಕಾಲೇಜುಗಳನ್ನು ಒಂದುಗೂಡಿಸಿದ ದಾರವೆಂದರೆ ಪರೀಕ್ಷೆಯೇ. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯ ಬೇರೆ ದಾರಿ ಹಿಡಿಯಿತು. ವಿಜ್ಞಾನವನ್ನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಕಲಾ ವಿಷಯಗಳನ್ನು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕೇಂದ್ರೀಕರಿಸಿತು. ಸಂಪನ್ಮೂಲ ಒಂದೆಡೆ ಕೂಡಿತು ನಿಜ. ಆದರೆ ವಿದ್ಯಾರ್ಥಿಯೇ ಅಲ್ಲಿಗೆ ಹೋಗಬೇಕಾಯಿತು.

ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದುದು 1917ರಲ್ಲಿ. 1949ರಲ್ಲಿ ಕಾಯಿದೆಯಿಂದ ರೂಪುಗೊಂಡ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಮುಂಬಯಿಯಿಂದ ಧಾರವಾಡಕ್ಕೆ ಬಂತು. ಪರೀಕ್ಷೆ ಹತ್ತಿರವಾಯಿತು, ಕಾಲೇಜುಗಳೂ ಹೆಚ್ಚಿದವು. ಆದರೆ ಒಂದೊಂದು ಕಾಲೇಜೂ ತನ್ನ ಪ್ರಯೋಗಶಾಲೆಯನ್ನು ತಾನೇ ಕಟ್ಟಿಕೊಳ್ಳಬೇಕಾಗಿತ್ತು.

ಭೌತವಿಜ್ಞಾನಿ ಡಿ.ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗ 1966ರಲ್ಲಿ ವರದಿ ನೀಡಿತು. ನೆರೆಹೊರೆಯ ಶಾಲೆಗಳು ಒಂದು ಸಮೂಹವಾಗಿ ಪ್ರಯೋಗಶಾಲೆಯಂಥ ಸೌಲಭ್ಯಗಳನ್ನು ಹಂಚಿಕೊಳ್ಳಬೇಕೆಂಬುದು ಅದರ ಸಲಹೆಗಳಲ್ಲೊಂದು. 1970ರ ದಶಕದಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಕಾಲೇಜು ವಿಜ್ಞಾನ ಸುಧಾರಣಾ ಕಾರ್ಯಕ್ರಮವನ್ನು ಕೈಗೊಂಡಿತು. ಅದರ ಜೊತೆಗಿನ ಮತ್ತೊಂದು ಯೋಜನೆಯಲ್ಲಿ ವಿಶ್ವವಿದ್ಯಾಲಯದ ವಿಭಾಗವೇ ಮುಂದಾಳಾಗಿ ತನ್ನ ಅಧೀನ ಕಾಲೇಜುಗಳ ಬೋಧನೆಯನ್ನು ಸುಧಾರಿಸಬೇಕಿತ್ತು. 1984ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಆಯೋಗದ ‘ರಾಷ್ಟ್ರವ್ಯಾಪಿ ತರಗತಿ’ ಆರಂಭವಾಯಿತು. ಇನ್ಸಾಟ್ ಉಪಗ್ರಹದ ಮೂಲಕ ಒಬ್ಬ ಒಳ್ಳೆಯ ಅಧ್ಯಾಪಕರ ಪಾಠ ದೇಶಕ್ಕೆಲ್ಲ ತಲುಪಿತು. ಆದರೆ ಪಾಠ ಇಂಗ್ಲಿಷಿನಲ್ಲಿತ್ತು. ನೋಡುವುದಷ್ಟೇ ಸಾಧ್ಯ, ಕೈಯಾರೆ ಮಾಡುವುದು ಸಾಧ್ಯವಿರಲಿಲ್ಲ.

ಹಾಗಾದರೆ ಎಲ್ಲ ಕಾಲೇಜುಗಳಿಗೂ ಸಮಾನವಾಗಿ ಇರಬೇಕಾದುದು ಏನು? ಅಮೆರಿಕದ ರಾಲ್ಫ್ ಟೈಲರ್ 1949ರಲ್ಲಿ, ಬೆಂಜಮಿನ್ ಬ್ಲೂಮ್ 1956ರಲ್ಲಿ ಒಂದು ಉತ್ತರ ಕೊಟ್ಟರು. ಅಧ್ಯಾಪಕರು ಏನು ಪಾಠ ಮಾಡಿದರು ಎಂಬುದಕ್ಕಿಂತ ವಿದ್ಯಾರ್ಥಿ ಕೊನೆಗೆ ಏನು ಮಾಡಬಲ್ಲ ಎಂಬುದನ್ನು ಮೊದಲೇ ಬರೆದಿಡಬೇಕು ಎಂಬುದೇ ಅದರ ಸಾರ. ಇದೇ ಕಲಿಕಾ ಫಲ. ಬ್ಲೂಮ್ ಆ ದಶಕದ ಕೊನೆಯಲ್ಲಿ ಭಾರತಕ್ಕೂ ಬಂದು ಪರೀಕ್ಷಾ ಸುಧಾರಣೆಯ ಕಾರ್ಯಾಗಾರಗಳನ್ನು ನಡೆಸಿದರು.

ಕಿರವತ್ತಿಯದೇ ಒಂದು ಉದಾಹರಣೆ ನೋಡೋಣ. ನಾಟಾ ವ್ಯಾಪಾರದಲ್ಲಿ ದಿಮ್ಮಿಯ ಘನ ಅಳತೆಗೆ ಹಳೆಯ ಸೂತ್ರವೊಂದಿದೆ: ಸುತ್ತಳತೆಯ ಕಾಲುಭಾಗದ ವರ್ಗವನ್ನು ಉದ್ದದಿಂದ ಗುಣಿಸುವುದು. ಸುತ್ತಳತೆ 120 ಸೆಂ.ಮೀ., ಉದ್ದ 4 ಮೀಟರ್ ಇದ್ದರೆ 0.36 ಘನ ಮೀಟರ್ ಬರುತ್ತದೆ. ದಿಮ್ಮಿಯನ್ನು ಸಿಲಿಂಡರ್ ಎಂದು ಭಾವಿಸಿದರೆ ಸುಮಾರು 0.46. ಈ ಅಂತರ ಏಕೆ? ಕೊಯ್ಯುವಾಗ ವ್ಯರ್ಥವಾಗುವ ಭಾಗವನ್ನು ಹಳೆಯ ಸೂತ್ರ ಮೊದಲೇ ಬಿಟ್ಟುಬಿಡುತ್ತದೆ. ‘ಅಳೆದು, ಎರಡು ಲೆಕ್ಕಗಳನ್ನು ಹೋಲಿಸಿ, ವ್ಯತ್ಯಾಸಕ್ಕೆ ಕಾರಣ ಹೇಳಬಲ್ಲಳು’ ಎಂಬುದು ಕಲಿಕಾ ಫಲವಾದರೆ, ಅದಕ್ಕೆ ಬೇಕಾದುದು ಒಂದು ಅಳತೆಪಟ್ಟಿ ಮತ್ತು ಒಂದು ದಿಮ್ಮಿ. ಧಾರವಾಡದ ವಿದ್ಯಾರ್ಥಿ ಬೇರೊಂದು ವಸ್ತುವನ್ನು ಅಳೆದೂ ಅದೇ ಫಲವನ್ನು ಮುಟ್ಟಬಹುದು. ಗುರಿ ಸ್ಪಷ್ಟವಿದ್ದರೆ ಸಾಧನ ಬೇರೆಯಾದರೂ ನಡೆಯುತ್ತದೆ. ದುಬಾರಿ ಉಪಕರಣವೇ ಬೇಕಾದ ಕಡೆ ಕಾಲೇಜುಗಳು ಅದನ್ನು ಹಂಚಿಕೊಳ್ಳಬಹುದು.

1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ನ್ಯಾಕ್ ಸಂಸ್ಥೆ ಇಂದು ಕಲಿಕಾ ಫಲಗಳ ಬಗ್ಗೆ ಕಾಲೇಜುಗಳನ್ನು ಕೇಳುತ್ತದೆ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ರೂಪಿಸಿದ ಎನ್‌ಪಿಟಿಇಎಲ್ ಪಾಠಗಳು ಅಂತರಜಾಲದಲ್ಲಿವೆ. ನಮ್ಮ ರಾಜ್ಯದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷಗಳ ಪದವಿ ವ್ಯವಸ್ಥೆ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ವ್ಯವಸ್ಥೆಗಳು ಹೀಗೆ ಬದಲಾಗುತ್ತಿರುತ್ತವೆ. ಕಲಿಕಾ ಫಲಗಳ ಪಟ್ಟಿ ಕಡತದಲ್ಲೇ ಉಳಿದರೆ ಅದೂ ಇನ್ನೊಂದು ಕಾಗದವಷ್ಟೇ.

ಆದ್ದರಿಂದ ಮಿತ್ರರೇ, ಮುಂದಿನ ಸಲ ಪ್ರಯೋಗಶಾಲೆಯಿಂದ ಹೊರಬರುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಪ್ರಯೋಗವನ್ನು ಯಾರ ನೆರವೂ ಇಲ್ಲದೆ ನಾನು ಮಾಡಬಲ್ಲೆನೇ? ಇಲ್ಲವೆಂದಾದರೆ ಅಧ್ಯಾಪಕರನ್ನು ಕೇಳಿ ಇನ್ನೊಮ್ಮೆ ಮಾಡಿ. ಅದು ನಿಮ್ಮ ಹಕ್ಕು.